ಬಟನ್ ಬಿಟ್ಟ ಮೇಲೂ ಭಾರ ಜಾರುತ್ತಿದೆ, ಹಾಯ್ಸ್ಟ್ ನಡೆಸಬಹುದೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಫೌಂಡ್ರಿಯಿಂದ ಬರುವ ಎರಕದ ಲೋಹದ ಭಾಗಗಳನ್ನು, ಅಂದರೆ ಕಾಸ್ಟಿಂಗ್‌ಗಳನ್ನು ಟೆಂಪೋದಿಂದ ಇಳಿಸಿ ಮಷೀನಿನ ಮೇಲೆ ಕೂಡಿಸುವುದು ನನ್ನ ಕೆಲಸ. 2 ಟನ್ನಿನ ವೈರ್ ರೋಪ್ ಹಾಯ್ಸ್ಟ್ (ಉಕ್ಕಿನ ಹಗ್ಗದಿಂದ ಭಾರ ಎತ್ತುವ ಯಂತ್ರ) ಇದೆ, ಒಂದೇ ಗರ್ಡರ್ (ಮೇಲಿನ ಉಕ್ಕಿನ ತೊಲೆ) ಕೆಳಗೆ ಓಡುತ್ತದೆ. ಈಚೆಗೆ ಬಟನ್ ಬಿಟ್ಟ ಮೇಲೂ ಭಾರ ನಾಲ್ಕು ಬೆರಳಿನಷ್ಟು ಜಾರುತ್ತದೆ. ಮೊದಲು ಹೀಗಿರಲಿಲ್ಲ. ಮುಂದಿನ ತಿಂಗಳು 2 ಟನ್ನಿಗಿಂತ ಸ್ವಲ್ಪ ಜಾಸ್ತಿ ತೂಕದ ಕಾಸ್ಟಿಂಗ್ ಬರುತ್ತದಂತೆ. "ಕಂಪನಿಯವರು ಎರಡೂವರೆ ಟನ್ ಹಾಕಿಯೇ ಟೆಸ್ಟ್ ಮಾಡಿರ್ತಾರೆ, ಏನೂ ಆಗಲ್ಲ" ಅನ್ನುತ್ತಾರೆ ಮಾಲೀಕರು. ಹಾಯ್ಸ್ಟ್ ನಡೆಸುವುದು ಹೇಗೆ ಅಂತ ಇದುವರೆಗೆ ಯಾರೂ ನನಗೆ ಸರಿಯಾಗಿ ಹೇಳಿಕೊಟ್ಟಿಲ್ಲ. ತಿಳಿಸುತ್ತೀರಾ?

ಉತ್ತರ: ಮೊದಲು ಹೋಗಿ ಆ ಹಾಯ್ಸ್ಟಿನ ಮೇನ್ ಸ್ವಿಚ್ ಆಫ್ ಮಾಡಿ. "ಬ್ರೇಕ್ ಕೆಟ್ಟಿದೆ, ಬಳಸಬೇಡಿ" ಎಂದು ಬರೆದು ಪೆಂಡೆಂಟಿಗೆ (ಕೈಯಲ್ಲಿ ಹಿಡಿದು ಒತ್ತುವ ಬಟನ್ ಡಬ್ಬಿಗೆ) ಕಟ್ಟಿ. ರಾತ್ರಿ ಶಿಫ್ಟಿನವರಿಗೂ ಬಾಯಿಬಿಟ್ಟು ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಯಾಕೆ ಇಷ್ಟು ಅವಸರ ಅಂದರೆ, ನೀವು ಬರೆದ ಒಂದು ಮಾತು ನನ್ನನ್ನು ಹೆದರಿಸಿತು: "ಮೊದಲು ಹೀಗಿರಲಿಲ್ಲ." ಬಟನ್ ಬಿಟ್ಟ ಕೂಡಲೇ ಭಾರ ಒಂದಿಷ್ಟು ದೂರ ಹೋಗಿ ನಿಲ್ಲುವುದು ಎಲ್ಲ ಹಾಯ್ಸ್ಟಿನಲ್ಲೂ ಇರುತ್ತದೆ. ಆದರೆ ಆ ದೂರ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ಬ್ರೇಕ್ ಸೋಲುತ್ತಿದೆ ಎಂದೇ ಅರ್ಥ. ಇವತ್ತು ನಾಲ್ಕು ಬೆರಳು. ನಾಳೆ ಎಷ್ಟು ಎಂದು ಯಾರೂ ಹೇಳಲಾರರು.

ಹಾಯ್ಸ್ಟಿನ ಬ್ರೇಕ್ ಬೈಕಿನ ಬ್ರೇಕಿಗೆ ಪೂರ್ತಿ ಉಲ್ಟಾ. ಬೈಕಿನಲ್ಲಿ ಒತ್ತಿದರೆ ಹಿಡಿಯುತ್ತದೆ. ಇಲ್ಲಿ ಸ್ಪ್ರಿಂಗ್ ಯಾವಾಗಲೂ ಹಿಡಿದುಕೊಂಡೇ ಇರುತ್ತದೆ. ನೀವು ಬಟನ್ ಒತ್ತಿದಾಗ ಬ್ರೇಕ್ ಕಾಯಿಲಿಗೆ ಕರೆಂಟ್ ಹೋಗಿ, ಅದರ ಅಯಸ್ಕಾಂತ ಸ್ಪ್ರಿಂಗಿನ ಬಲವನ್ನು ಮೀರಿ ಬ್ರೇಕ್ ಬಿಡಿಸುತ್ತದೆ. ಬಟನ್ ಬಿಟ್ಟರೆ ಸ್ಪ್ರಿಂಗ್ ಮತ್ತೆ ಹಿಡಿಯುತ್ತದೆ. ಕರೆಂಟ್ ಹೋದಾಗಲೂ ಭಾರ ಬೀಳದೆ ತೂಗಾಡುತ್ತಾ ನಿಲ್ಲುವುದು ಇದರಿಂದಲೇ.

ಜಾರುವುದಕ್ಕೆ ಕಾರಣಗಳು ಹಲವು. ಲೈನರ್ (ಉಜ್ಜಿ ಹಿಡಿಯುವ ಬ್ರೇಕ್ ಪಟ್ಟಿ) ಸವೆದಿರಬಹುದು. ಲೈನರ್ ಸವೆದಂತೆ ಅಯಸ್ಕಾಂತ ಮತ್ತು ತಟ್ಟೆಯ ನಡುವಿನ ಗ್ಯಾಪ್ ದೊಡ್ಡದಾಗುತ್ತದೆ, ಅದನ್ನು ಯಾರೂ ಸರಿಮಾಡದೆ ಬಿಟ್ಟಿರಬಹುದು. ಗೇರ್‌ಬಾಕ್ಸಿನ ಸೀಲ್ ಹೋಗಿ ಎಣ್ಣೆ ಲೈನರಿಗೆ ತಾಗಿರಬಹುದು. ಸ್ಪ್ರಿಂಗ್ ಸಡಿಲವಾಗಿರಬಹುದು. ಇನ್ನೊಂದು ಕಾರಣವನ್ನು ನಮ್ಮ ಕಡೆ ಮಿಸ್ತ್ರಿಗಳು ಬಹಳ ಸಲ ಮರೆಯುತ್ತಾರೆ. ಡಿಸಿ ಕಾಯಿಲ್ ಇರುವ ಬ್ರೇಕಿಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರುತ್ತದೆ. ಅದರ ಎಸಿ ಬದಿಯನ್ನು ಮಾತ್ರ ಕಡಿಯುವಂತೆ ವೈರಿಂಗ್ ಮಾಡಿದರೆ ಕಾಯಿಲಿನ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. ಡಿಸಿ ಬದಿಯನ್ನು ಕಡಿದರೆ ತಟ್ಟನೆ ಹಿಡಿಯುತ್ತದೆ. ರೆಕ್ಟಿಫೈಯರ್ ಸುಟ್ಟು ಹೊಸದು ಹಾಕುವಾಗ ಈ ವೈರ್ ಬದಲಾಗಿಬಿಡಬಹುದು. ಈಚೆಗೆ ಯಾರಾದರೂ ನಿಮ್ಮ ಹಾಯ್ಸ್ಟಿನ ವೈರಿಂಗ್ ಮುಟ್ಟಿದ್ದರಾ ಎಂದು ಕೇಳಿ ನೋಡಿ.

ಬೆಳಗಾವಿಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶೀಟ್ ಸೋರಿ ಹಾಯ್ಸ್ಟ್ ಮೇಲೆ ನೀರು ಹನಿಯುವ ಶೆಡ್‌ಗಳು ಉದ್ಯಮಬಾಗದಲ್ಲೂ ಮಚ್ಛೆಯಲ್ಲೂ ಕಡಿಮೆಯೇನಿಲ್ಲ. ತೇವ ಹಿಡಿದ ಬ್ರೇಕ್ ಜಾರುತ್ತದೆ. ತೇವ ಒಳಹೊಕ್ಕ ಪೆಂಡೆಂಟ್ ಶಾಕ್ ಕೊಡುತ್ತದೆ.

ಈಗ ಎರಡೂವರೆ ಟನ್ನಿನ ವಿಷಯ. ನಿಮ್ಮ ಮಾಲೀಕರು ಸುಳ್ಳು ಹೇಳುತ್ತಿಲ್ಲ. ಹಾಯ್ಸ್ಟನ್ನು 125 ಶೇಕಡಾ ಭಾರ ಹಾಕಿ ಪರೀಕ್ಷೆ ಮಾಡುವುದು ನಿಜ. 2 ಟನ್ನಿಗೆ ಅದು ಎರಡೂವರೆ ಟನ್. ಆದರೆ ಆ ಪರೀಕ್ಷೆ ನಡೆದದ್ದು ಹೊಸ ರೋಪ್, ಹೊಸ ಲೈನರ್, ನೇರ ಎತ್ತುವಿಕೆ, ಸುತ್ತ ಯಾರೂ ನಿಲ್ಲದ ಜಾಗ, ಇಷ್ಟೆಲ್ಲ ಇಟ್ಟುಕೊಂಡು. ಆ 25 ಶೇಕಡಾ ಇರುವುದು ಯಂತ್ರ ಗಟ್ಟಿಯಾಗಿದೆಯೇ ಎಂದು ತಿಳಿಯಲು. ದಿನದ ಕೆಲಸಕ್ಕೆ ಅದು ನಮ್ಮದಲ್ಲ. ನಮ್ಮ ದಿನದ ಕೆಲಸದಲ್ಲಿ ಸಡಿಲ ರೋಪ್ ಜಗ್ಗಿದಾಗ ಬೀಳುವ ಏಟು ಇರುತ್ತದೆ, ಸವೆತ ಇರುತ್ತದೆ, ತಪ್ಪು ಅಂದಾಜಿನ ತೂಕ ಇರುತ್ತದೆ. ಅವೆಲ್ಲ ಸೇರಿ ಆ ಉಳಿಕೆಯನ್ನು ಆಗಲೇ ತಿಂದಿರುತ್ತವೆ. 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳಿತ್ತು: ಪರೀಕ್ಷೆಗೆ ಬಿಟ್ಟು ಬೇರೆ ಯಾವ ಕಾರಣಕ್ಕೂ ಯಂತ್ರದ ಮೇಲೆ ಬರೆದ ಭಾರಕ್ಕಿಂತ ಹೆಚ್ಚು ಎತ್ತಬಾರದು.

"ಹಾಗಾದರೆ 3 ಟನ್ ಹಾಯ್ಸ್ಟ್ ತಂದು ಅದೇ ಗರ್ಡರಿಗೆ ಹಾಕೋಣ" ಎಂಬ ಮಾತು ಮುಂದೆ ಬರುತ್ತದೆ, ನೋಡುತ್ತಿರಿ. ಅದಕ್ಕೂ ಒಪ್ಪಬೇಡಿ. ಗರ್ಡರ್, ಅದರ ಬೋಲ್ಟು, ಅದನ್ನು ಹೊತ್ತ ಕಂಬ, ಎಲ್ಲವನ್ನೂ 2 ಟನ್ನಿಗೆ ಲೆಕ್ಕ ಹಾಕಿರುತ್ತಾರೆ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಲೆಕ್ಕ ನೋಡಿ ಬರೆದುಕೊಡದೆ ಹಾಯ್ಸ್ಟ್ ದೊಡ್ಡದು ಮಾಡುವ ಹಾಗಿಲ್ಲ. ಒಂದೇ ಕಾಸ್ಟಿಂಗ್ ಬರುವುದಾದರೆ ಒಂದು ದಿನಕ್ಕೆ ಮೊಬೈಲ್ ಕ್ರೇನ್ ಬಾಡಿಗೆಗೆ ತರಿಸುವುದು ಎಷ್ಟೋ ಅಗ್ಗ.

ತೂಕವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಚಲನ್‌ನಲ್ಲಿ ಬರೆದಿದ್ದರೆ ಸರಿ. ಇಲ್ಲದಿದ್ದರೆ ಟೇಪ್ ಹಿಡಿಯಿರಿ. ಎರಕದ ಕಬ್ಬಿಣ ಒಂದು ಘನ ಮೀಟರಿಗೆ ಸುಮಾರು 7,200 ಕೆಜಿ, ಉಕ್ಕು 7,850 ಕೆಜಿ. 1 ಮೀಟರ್ ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಗಟ್ಟಿ ಕಬ್ಬಿಣದ ಗಡ್ಡೆ 0.3 ಘನ ಮೀಟರ್ ಆಗುತ್ತದೆ, ಅಂದರೆ 2,160 ಕೆಜಿ. ನೋಡಲು ಒಂದು ಚಿಕ್ಕ ಟೇಬಲ್ಲಿನಷ್ಟು, ಅಷ್ಟರಲ್ಲೇ ನಿಮ್ಮ ಹಾಯ್ಸ್ಟಿನ ಮಿತಿ ದಾಟಿತು. ಟೊಳ್ಳು ಭಾಗ ಇದ್ದರೆ ಕಳೆಯಿರಿ, ಆದರೆ ಒಳಗೆ ಕೋರ್ ಮರಳು (ಟೊಳ್ಳು ಮಾಡಲು ಅಚ್ಚಿನಲ್ಲಿಟ್ಟ ಮರಳು) ಉಳಿದಿದೆಯೇ ನೋಡಿ. ರೈಸರ್ (ಎರಕದ ಮೇಲೆ ಉಳಿಯುವ ಹೆಚ್ಚುವರಿ ಲೋಹದ ಗೂಟ) ಕತ್ತರಿಸದೆ ಕಳಿಸಿದ್ದರೆ ಅದೂ ತೂಕವೇ. ಸ್ಲಿಂಗ್ (ಭಾರಕ್ಕೆ ಕಟ್ಟುವ ಪಟ್ಟಿ ಅಥವಾ ಚೈನ್), ಶ್ಯಾಕಲ್ (ಅದನ್ನು ಸೇರಿಸುವ ಕೊಂಡಿ), ಎತ್ತುವ ಬೀಮ್ ಇವುಗಳ ತೂಕವನ್ನೂ ಸೇರಿಸಬೇಕು. ಇಳಕಲ್ ಕಡೆ ಗ್ರಾನೈಟ್ ಎತ್ತುವವರಿಗೂ ಇದೇ ಲೆಕ್ಕ. ಅಲ್ಲಿ ಘನ ಮೀಟರಿಗೆ 2,700 ಕೆಜಿಯ ಹತ್ತಿರ ಹಿಡಿಯಬೇಕು.

ಸ್ಲಿಂಗ್ ಕಟ್ಟುವುದಕ್ಕೆ ಬರೋಣ. ಹಾಯ್ಸ್ಟ್ ಗಟ್ಟಿಯಿದ್ದೂ ಭಾರ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ. 2 ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುತ್ತೀರಿ ಅಂದುಕೊಳ್ಳಿ. ಎರಡೂ ಕಾಲು ನೆಟ್ಟಗಿದ್ದರೆ ಒಂದೊಂದರ ಮೇಲೆ 1,000 ಕೆಜಿ. ನೆಲದ ಮಟ್ಟದಿಂದ 60 ಡಿಗ್ರಿ ಕೋನ ಇದ್ದರೆ ಒಂದೊಂದರ ಮೇಲೆ 1,155 ಕೆಜಿ. 45 ಡಿಗ್ರಿಗೆ 1,414 ಕೆಜಿ. 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಪೂರ್ತಿ 2,000 ಕೆಜಿ ಹೊರಬೇಕು. ಭಾರ ಅಷ್ಟೇ ಇದೆ, ಕೋನ ಮಾತ್ರ ಬದಲಾಗಿದೆ. ಶೆಡ್ಡಿನ ಎತ್ತರ ಸಾಲದು ಎಂದು ಗಿಡ್ಡ ಸ್ಲಿಂಗ್ ಹಾಕಿ ಅಗಲವಾಗಿ ಕಟ್ಟಿದಾಗ ಆಗುವುದು ಇದೇ. 45ಕ್ಕಿಂತ ಕೆಳಗೆ ಹೋಗಲೇಬೇಡಿ. ನನಗೆ 60 ಇದ್ದರೇ ಸಮಾಧಾನ.

ಪಟ್ಟಿ ಸ್ಲಿಂಗ್‌ಗಳಿಗೆ ಬಣ್ಣದ ಗುರುತಿದೆ. ನೇರಳೆ 1 ಟನ್, ಹಸಿರು 2 ಟನ್, ಹಳದಿ 3 ಟನ್. ಆದರೆ ಆ ಅಂಕಿ ನೇರವಾಗಿ ಎತ್ತುವಾಗಿನದು. ಕುಣಿಕೆ ಹಾಕಿ ಬಿಗಿದರೆ 80 ಶೇಕಡಾ ಮಾತ್ರ ಹಿಡಿಯಿರಿ. ಹಸಿರು ಸ್ಲಿಂಗ್ ಕುಣಿಕೆಯಲ್ಲಿ 1,600 ಕೆಜಿ. ಮೇಲಿನ 30 ಡಿಗ್ರಿಯ ಲೆಕ್ಕಕ್ಕೆ ಹೋಲಿಸಿ, ಒಂದೊಂದು ಕಾಲಿಗೂ 400 ಕೆಜಿ ಕಡಿಮೆ ಬೀಳುತ್ತದೆ. ಲೇಬಲ್ ಹರಿದುಹೋದ ಸ್ಲಿಂಗನ್ನು ಕತ್ತರಿಸಿ ಎಸೆಯಿರಿ, ಕತ್ತರಿಸದಿದ್ದರೆ ಯಾರಾದರೂ ಮತ್ತೆ ತಂದು ಬಳಸುತ್ತಾರೆ. ಕಾಸ್ಟಿಂಗಿನ ಅಂಚಿನಲ್ಲಿ ಉಳಿದ ತೆಳು ಲೋಹ, ಅಂದರೆ ಫ್ಲ್ಯಾಶ್, ಚಾಕುವಿನ ಹಾಗೆ ಇರುತ್ತದೆ, ಅಲ್ಲಿ ಪಟ್ಟಿಯ ಕೆಳಗೆ ಮೂಲೆ ಗಾರ್ಡ್ ಇಡಬೇಕು. ಬಿಸಿ ಕಾಸ್ಟಿಂಗಿಗೆ ಪಾಲಿಯೆಸ್ಟರ್ ಪಟ್ಟಿ ಬೇಡ, 100 ಡಿಗ್ರಿ ಮೇಲೆ ಅದು ನಂಬಿಕೆಗೆ ಯೋಗ್ಯವಲ್ಲ. ಚೈನ್ ಸ್ಲಿಂಗ್ ಬಳಸಿ. ಮರಳಿನಿಂದ ತೆಗೆದ ದಪ್ಪ ಕಾಸ್ಟಿಂಗ್ ಮೇಲೆ ಆರಿದಂತೆ ಕಂಡರೂ ಒಳಗೆ ಬಿಸಿ ಇಟ್ಟುಕೊಂಡಿರುತ್ತದೆ.

ನೀವು ಟೆಂಪೋದಿಂದ ಇಳಿಸುತ್ತೀರಿ ಎಂದಿರಿ, ಅಲ್ಲೇ ನನಗೆ ಇನ್ನೊಂದು ಅನುಮಾನ. ನಿಮ್ಮದು ಒಂದೇ ಗರ್ಡರ್. ಹುಕ್ ಆ ಗೆರೆಯ ಕೆಳಗೆ ಮಾತ್ರ ನೇರ ಇಳಿಯುತ್ತದೆ. ಟೆಂಪೋ ಒಂದು ಮಾರು ಆಚೆ ನಿಂತಿದ್ದರೆ ಏನು ಮಾಡುತ್ತೀರಿ? ಹುಕ್ ಓರೆಯಾಗಿ ಎಳೆದು ಸಿಕ್ಕಿಸಿ, ಬಟನ್ ಒತ್ತಿ, ಕಾಸ್ಟಿಂಗನ್ನು ಜಾರಿಸಿಕೊಂಡು ಬರುತ್ತೀರಿ ಅಲ್ವಾ? ಬಹಳ ಕಡೆ ಹೀಗೇ ಮಾಡುತ್ತಾರೆ. ಇದನ್ನು ಇವತ್ತಿನಿಂದ ನಿಲ್ಲಿಸಿ. ಹಾಯ್ಸ್ಟ್ ನೇರ ಮೇಲೆ ಎತ್ತುವುದಕ್ಕೆ ಮಾತ್ರ ಮಾಡಿದ ಯಂತ್ರ. ಓರೆ ಎಳೆದರೆ ರೋಪ್ ತಾನು ಸುತ್ತಿಕೊಳ್ಳುವ ಡ್ರಮ್ಮಿನ ಗೀರಿನಿಂದ (ಗ್ರೂವ್) ಹೊರಬಂದು ಒಂದರ ಮೇಲೊಂದು ಸುತ್ತಿಕೊಳ್ಳುತ್ತದೆ, ರೋಪ್ ಗೈಡ್ ಒಡೆಯುತ್ತದೆ, ಟ್ರಾಲಿಯ ಚಕ್ರ ಗರ್ಡರಿನ ಅಂಚಿನಿಂದ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಭಾರ ಟೆಂಪೋ ಬಿಟ್ಟ ಕ್ಷಣದಲ್ಲಿ ಗೆರೆಯ ಕಡೆಗೆ ಬೀಸಿಕೊಂಡು ಬರುತ್ತದೆ. ಆ ದಾರಿಯಲ್ಲಿ ಸಾಮಾನ್ಯವಾಗಿ ನಿಮ್ಮ ಹೆಲ್ಪರ್ ನಿಂತಿರುತ್ತಾನೆ. ನೆಲದ ಮೇಲೆ ಗರ್ಡರಿನ ಕೆಳಗೆ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಟೆಂಪೋ ಡ್ರೈವರ್ ಆ ಗೆರೆಗೇ ಗಾಡಿ ತಂದು ನಿಲ್ಲಿಸಲಿ, ಭಾರ ಗೆರೆಯ ಕೆಳಗೆ ಬರುವ ತನಕ ಹಿಂದೆ ಮುಂದೆ ಮಾಡಲಿ. ಒಂದು ಡಬ್ಬಿ ಪೇಂಟಿನಿಂದ ಮುಗಿಯುವ ಕೆಲಸ.

ಕಟ್ಟಿ ಆದ ಮೇಲೆ ರೋಪ್ ಬಿಗಿಯಾಗುವ ತನಕ ನಿಧಾನ ಎತ್ತಿ, ನಿಲ್ಲಿಸಿ. ಕೈ ಎಲ್ಲಿದೆ ನೋಡಿಕೊಳ್ಳಿ, ಹೆಲ್ಪರಿನ ಕೈಯನ್ನೂ ನೋಡಿ. ಸ್ಲಿಂಗ್ ಮತ್ತು ಕಾಸ್ಟಿಂಗ್ ನಡುವೆ ಬೆರಳು ಸಿಕ್ಕಿಕೊಳ್ಳುವುದು ಇದೇ ಗಳಿಗೆಯಲ್ಲಿ. ಆಮೇಲೆ 100 ಮಿ.ಮೀ. ಮಾತ್ರ ಎತ್ತಿ ಮತ್ತೆ ನಿಲ್ಲಿಸಿ. ಈ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ನಿಮಗೆ ಬೇಕಾದದ್ದೆಲ್ಲ ತಿಳಿಯುತ್ತದೆ: ಬ್ರೇಕ್ ಹಿಡಿಯಿತೇ, ಭಾರ ಒಂದು ಕಡೆ ವಾಲಿತೇ, ಸ್ಲಿಂಗ್ ಜಾಗ ಬಿಟ್ಟು ಸರಿಯಿತೇ. ವಾಲಿದರೆ ಇಳಿಸಿ, ಮತ್ತೆ ಕಟ್ಟಿ. ಭಾರವಿಲ್ಲದ ಬದಿಗೆ ಮನುಷ್ಯನನ್ನು ಕೂಡಿಸಿ ಸಮ ಮಾಡುವ ಪದ್ಧತಿ ಕೆಲವು ಶೆಡ್‌ಗಳಲ್ಲಿ ಇದೆ. ದಯವಿಟ್ಟು ಯಾರನ್ನೂ ಹಾಗೆ ಕೂರಲು ಬಿಡಬೇಡಿ.

ಟಕ್ ಟಕ್ ಎಂದು ಬಟನ್ ಒತ್ತಿ ಬಿಟ್ಟು ಭಾರವನ್ನು ಸ್ವಲ್ಪ ಸ್ವಲ್ಪ ಸರಿಸುವ ಚಟವೂ ಬೇಡ. ಮೋಟರ್ ಶುರುವಾಗುವಾಗ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹೀಗೆ ಟಕ್ ಟಕ್ ಮಾಡುವುದರಿಂದ ಲೈನರ್ ಬೇಗ ಸವೆಯುತ್ತದೆ, ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಬಟನ್ ಬಿಟ್ಟರೂ ಹುಕ್ ನಿಲ್ಲುವುದಿಲ್ಲ. ಆಗ ಕೆಂಪು ಎಮರ್ಜೆನ್ಸಿ ಬಟನ್ ಒತ್ತಬೇಕು, ಅದೂ ಕೇಳದಿದ್ದರೆ ಮೇನ್ ಸ್ವಿಚ್. ಆ ಮೇನ್ ಸ್ವಿಚ್ ಎಲ್ಲಿದೆ ಎಂದು ಶಾಪಿನಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಅದರ ಮುಂದೆ ಸಾಮಾನು ಪೇರಿಸಬಾರದು. ಎರಡು ಸ್ಪೀಡಿನ ಹಾಯ್ಸ್ಟ್ ಇದ್ದರೆ ಮಷೀನಿನ ಮೇಲೆ ಕೂಡಿಸುವಾಗ ನಿಧಾನದ ಸ್ಪೀಡ್ ಬಳಸಿ.

ಇನ್ನು ಲಿಮಿಟ್ ಸ್ವಿಚ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕಣ್ಣಿಗೆ ಕಾಣದ ಒಂದು ಅಪಾಯ ಇದೆ. ಹುಕ್ ತೀರ ಮೇಲೆ ಹೋಗಿ ಡ್ರಮ್ಮಿಗೆ ಬಡಿಯದಂತೆ ಮೇಲಿನ ಲಿಮಿಟ್ ಸ್ವಿಚ್ ಇರುತ್ತದೆ. ಅದು "ಮೇಲೆ" ಕಾಂಟ್ಯಾಕ್ಟರಿನ ಕರೆಂಟನ್ನು ಕಡಿಯುತ್ತದೆ. ಈಗ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದರು, ಅಥವಾ ಪ್ಯಾನೆಲ್ ಕೆಲಸ ಆಯಿತು, ಅಥವಾ ಜನರೇಟರಿಗೆ ಹಾಕಿದರು ಅಂದುಕೊಳ್ಳಿ. ಮೂರು ಫೇಸಿನಲ್ಲಿ ಎರಡು ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. "ಮೇಲೆ" ಒತ್ತಿದರೆ ಹುಕ್ ಕೆಳಗಿಳಿಯುತ್ತದೆ. "ಉಲ್ಟಾ ಆಗಿದೆ, ನೆನಪಿಟ್ಟುಕೊಂಡು ನಡೆಸು" ಅನ್ನುತ್ತಾರೆ. ಇಲ್ಲವೇ ಪೆಂಡೆಂಟ್ ಬಿಚ್ಚಿ ಎರಡು ವೈರ್ ಬದಲಿಸಿ ಸರಿಹೋಯಿತು ಅನ್ನುತ್ತಾರೆ. ಎರಡೂ ಒಂದೇ ಅಪಾಯ. ಈಗ ಹುಕ್ಕನ್ನು ಮೇಲೆ ಎತ್ತುತ್ತಿರುವುದು "ಕೆಳಗೆ" ಕಾಂಟ್ಯಾಕ್ಟರ್. ಮೇಲಿನ ಲಿಮಿಟ್ ಸ್ವಿಚ್ಚಿಗೆ ತಗುಲಿದರೂ ಅದು ಕಡಿಯುವುದು ಬೇರೆ ಕಾಂಟ್ಯಾಕ್ಟರನ್ನು. ಹುಕ್ ನಿಲ್ಲದೆ ಹೋಗಿ ಬಡಿಯುತ್ತದೆ, ರೋಪ್ ಹರಿಯುತ್ತದೆ, ಇಡೀ ಹುಕ್ ಬ್ಲಾಕ್ ಕೆಳಗೆ ಬರುತ್ತದೆ. ಫೇಸ್ ಸರಿಮಾಡಬೇಕಾದದ್ದು ಒಳಬರುವ ಮೇನ್ ಸಪ್ಲೈನಲ್ಲಿ ಮಾತ್ರ.

ಅದಕ್ಕೇ ಪ್ರತಿ ಶಿಫ್ಟ್ ಶುರುವಾಗುವಾಗ, ಕರೆಂಟಿನ ಯಾವುದೇ ರಿಪೇರಿ ಆದ ಮೇಲೂ, ಖಾಲಿ ಹುಕ್ಕನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಬಟನ್ ಹೇಳಿದ ಕಡೆಗೇ ಹೋಗುತ್ತಿದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ನಿಧಾನ ಮೇಲಕ್ಕೆ ಒಯ್ದು ಲಿಮಿಟ್ ಸ್ವಿಚ್ ಕಡಿಯುತ್ತದೆಯೇ ಪರೀಕ್ಷಿಸಿ. ಆದರೆ ಕೆಲಸದ ನಡುವೆ ಅದಕ್ಕೆ ತಗುಲಿಸಿ ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳಬೇಡಿ, ಅದು ಕೊನೆಯ ಕಾವಲು. ಕೆಳಗೆ ಬಿಡುವಾಗ ಡ್ರಮ್ಮಿನಲ್ಲಿ ಕನಿಷ್ಠ ಎರಡು ಪೂರ್ತಿ ಸುತ್ತು ರೋಪ್ ಉಳಿದಿರಬೇಕು. ಒಂದು ಫೇಸ್ ಹೋದಾಗ ಮೋಟರ್ ಗುಂಯ್ ಎನ್ನುತ್ತದೆ, ಎತ್ತುವುದಿಲ್ಲ, ಆದರೆ ಬ್ರೇಕ್ ಬಿಡಬಹುದು. ಆ ಸದ್ದು ಕೇಳಿದ ತಕ್ಷಣ ಬಟನ್ ಬಿಡಿ. ಒಂದು ಫೇಸ್ ಹೋದರೆ ಕರೆಂಟ್ ಕಡಿಯುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಹಾಯ್ಸ್ಟಿಗೆ ಅದನ್ನು ಹಾಕಿಸಲೇಬೇಕು.

ರೋಪನ್ನು ವಾರಕ್ಕೊಮ್ಮೆಯಾದರೂ ಹತ್ತಿರದಿಂದ ನೋಡಿ. ಸ್ವಿಚ್ ಆಫ್ ಮಾಡಿ, ಬಟ್ಟೆ ಹಿಡಿದು ಒರೆಸುತ್ತಾ ಹೋದರೆ ಮುರಿದ ತಂತಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ. ಒಂದು ಎಳೆ (ಹಲವು ತಂತಿ ಹೊಸೆದದ್ದು) ರೋಪಿನ ಸುತ್ತ ಒಂದು ಸುತ್ತು ಬರುವಷ್ಟು ಉದ್ದದಲ್ಲಿ 12 ತಂತಿ, ಅಥವಾ ಅದೇ ಉದ್ದದಲ್ಲಿ ಒಂದೇ ಎಳೆಯ 4 ತಂತಿ ಮುರಿದಿದ್ದರೆ ರೋಪ್ ಬದಲಿಸಬೇಕು ಎಂಬುದು ಬಳಕೆಯಲ್ಲಿರುವ ನಿಯಮ. ಗಂಟು ಬಿದ್ದಿದ್ದರೆ, ಚಪ್ಪಟೆಯಾಗಿದ್ದರೆ ಎಣಿಸುತ್ತಾ ಕೂರಬೇಡಿ, ಬದಲಿಸಿ. ಹುಕ್ಕಿನ ಬಾಯಿ ಅಗಲವಾಗಿದೆಯೇ ನೋಡಿ. ಕೆಲವು ತಯಾರಕರು 10 ಶೇಕಡಾ ತನಕ ಬಿಡುತ್ತಾರೆ, ನಾನು 5 ಶೇಕಡಾ ತೆರೆದುಕೊಂಡರೇ ತೆಗೆಸುತ್ತೇನೆ. ಹುಕ್ ತೆರೆದುಕೊಂಡಿದೆ ಎಂದರೆ ಯಾರೋ ಅದರ ಮೇಲೆ ಮಿತಿ ಮೀರಿ ಹೇರಿದ್ದಾರೆ. ಲ್ಯಾಚ್ (ಬಾಯಿ ಮುಚ್ಚುವ ಚಿಲಕ) ಇಲ್ಲದ ಹುಕ್ ಬಳಸಬೇಡಿ, ತಂತಿ ಕಟ್ಟಿ ಲ್ಯಾಚ್ ಮಾಡಬೇಡಿ.

ಭಾರ ಸಾಗುವಾಗ ಅದರ ಕೆಳಗೆ ಯಾರೂ ಇರಬಾರದು, ನೀವೂ ಸೇರಿ. ನೀವು ಬದಿಯಲ್ಲಿ ನಡೆಯಿರಿ, ಕಾಸ್ಟಿಂಗಿಗೆ ಕಟ್ಟಿದ ಹಗ್ಗ ಹಿಡಿದು ತಿರುಗಿಸಿ, ಕೈಯಿಂದ ತಳ್ಳಬೇಡಿ. ಬೆಳಗಾವಿಯ ಶಾಪುಗಳಲ್ಲಿ ಒಬ್ಬ ಕನ್ನಡ, ಒಬ್ಬ ಮರಾಠಿ, ಒಬ್ಬ ಹಿಂದಿ ಮಾತಾಡುತ್ತಾನೆ, ಜೊತೆಗೆ ಗ್ರೈಂಡರಿನ ಸದ್ದು. ಕೂಗಿ ಹೇಳುವುದನ್ನು ನಂಬಬೇಡಿ. ಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು, ತೋಳು ಚಾಚಿ ಅಂಗೈ ಕೆಳಗೆ ಮಾಡಿ ಬೀಸಿದರೆ ನಿಲ್ಲಿಸು. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಆದರೆ "ನಿಲ್ಲಿಸು" ಎಂದು ಯಾರು ತೋರಿಸಿದರೂ ನಿಲ್ಲಿಸಬೇಕು, ಚಹಾ ತಂದ ಹುಡುಗ ತೋರಿಸಿದರೂ ಸರಿ. ಭಾರ ತೂಗಾಡಿಸಿಟ್ಟು ಊಟಕ್ಕೆ ಹೋಗಬೇಡಿ. ಕರೆಂಟ್ ಹೋಗಿ ಭಾರ ಮೇಲೇ ಉಳಿದರೆ ಮೇನ್ ಆಫ್ ಮಾಡಿ, ಸುತ್ತ ಹಗ್ಗ ಕಟ್ಟಿ, ಒಬ್ಬರು ಅಲ್ಲೇ ಕಾಯಲಿ.

ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಓದಿದರೆ ಒಂದು ಮಾತು. ಕರಗಿದ ಲೋಹದ ಲ್ಯಾಡಲ್ ಎತ್ತಲು ಇಂಥ ಮಾಮೂಲಿ ಹಾಯ್ಸ್ಟ್ ಆಗುವುದಿಲ್ಲ. ಅದಕ್ಕೆಂದೇ ಮಾಡಿದ, ಎರಡು ಬ್ರೇಕ್ ಮತ್ತು ಬಿಸಿ ತಡೆಯುವ ಕವಚ ಇರುವ ಹಾಯ್ಸ್ಟ್ ಬೇಕು.

ಮಾಲೀಕರ ಹತ್ತಿರ ಹೇಗೆ ಮಾತಾಡುವುದು? ಜಗಳ ಬೇಡ. ಜಾರಿದ ದೂರವನ್ನು ಅಳೆದು, ತಾರೀಕು ಹಾಕಿ, ಒಂದು ಹಾಳೆಯಲ್ಲಿ ಬರೆದು ಕೊಡಿ, ಒಂದು ಕಾಪಿ ನಿಮ್ಮ ಬಳಿ ಇರಲಿ. 12 ತಿಂಗಳಿಗೊಮ್ಮೆ ಸಮರ್ಥ ವ್ಯಕ್ತಿಯಿಂದ ಪೂರ್ತಿ ತಪಾಸಣೆ ಮಾಡಿಸಬೇಕೆಂದು ಅದೇ 29ನೇ ಸೆಕ್ಷನ್ ಹೇಳಿತ್ತು. ನಿಮ್ಮ ಹಾಯ್ಸ್ಟಿನ ಕೊನೆಯ ಸರ್ಟಿಫಿಕೇಟ್ ಯಾವ ತಾರೀಕಿನದು ಎಂದು ಕೇಳಿ. ಅನಾಹುತ ಆದಾಗ ಮೊದಲು ಕೇಳುವ ಕಾಗದ ಅದೇ, ಇದು ಅವರಿಗೂ ಗೊತ್ತಿರುತ್ತದೆ. ಅಷ್ಟಾದರೂ ಜಾರುವ ಹಾಯ್ಸ್ಟ್ ನಡೆಸು ಎಂದರೆ ಒಪ್ಪಬೇಡಿ. ಕೆಲಸದ ಭಯ ನನಗೆ ಅರ್ಥವಾಗುತ್ತದೆ. ಆದರೂ ಇದನ್ನೇ ಹೇಳುತ್ತೇನೆ.

ಬ್ರೇಕ್ ಕೆಲಸ ಹಾಯ್ಸ್ಟ್ ಬಲ್ಲ ಮೆಕ್ಯಾನಿಕ್ ಮಾಡಲಿ, ನೀವು ಬಿಚ್ಚಬೇಡಿ. ಮುಗಿದ ಮೇಲೆ ಅವರ ಎದುರಿಗೇ ಮೊದಲು ಖಾಲಿ ಹುಕ್, ಆಮೇಲೆ ಕಡಿಮೆ ಭಾರ, ಕೊನೆಗೆ ತೂಕ ಗೊತ್ತಿರುವ 2 ಟನ್ ಭಾರ ಹಾಕಿ 100 ಮಿ.ಮೀ. ಎತ್ತಿಸಿ. ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಇಟ್ಟು ಭಾರದ ಮಟ್ಟಕ್ಕೆ ಚಾಕ್‌ಪೀಸ್‌ನಿಂದ ಗುರುತು ಹಾಕಿ, ಹತ್ತು ನಿಮಿಷ ಬಿಡಿ. ಗುರುತಿನಿಂದ ಕೂದಲೆಳೆಯಷ್ಟು ಇಳಿದಿದ್ದರೂ ಮತ್ತೆ ಬಿಚ್ಚಿಸಿ. ಇಳಿಯುತ್ತಾ ಬರುವಾಗಲೂ ಬಟನ್ ಬಿಟ್ಟು ಎಷ್ಟು ದೂರಕ್ಕೆ ನಿಲ್ಲುತ್ತದೆ ಅಳೆಯಿರಿ. ಆ ಅಂಕಿಯನ್ನು ತಯಾರಕರ ಪುಸ್ತಕದ ಜೊತೆ ಹೋಲಿಸಿ, ರಿಜಿಸ್ಟರಿನಲ್ಲಿ ಬರೆಸಿ, ಮೆಕ್ಯಾನಿಕ್ ಸಹಿ ತೆಗೆದುಕೊಳ್ಳಿ. ಪೆಂಡೆಂಟಿಗೆ ಕಟ್ಟಿದ ಬೋರ್ಡನ್ನು ಆಮೇಲೆ ಬಿಚ್ಚಿ.